ಗುಡಿ, ಸಭಾಂಗಣದ ಸ್ಪೀಕರ್ ಮನೆಯ ಸ್ಟೀರಿಯೋಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗುಡಿ, ಶಾಲೆ, ಕಲ್ಯಾಣ ಮಂಟಪಗಳಿಗೆ ಹೊಸ ಸೌಂಡ್ ಸಿಸ್ಟಮ್ ಬಂದ ಕೂಡಲೇ ಹಳೆಯ ಕಾಲಂ ಬಾಕ್ಸು (ಸ್ಪೀಕರ್‌ಗಳನ್ನು ಒಂದರ ಮೇಲೊಂದು ಜೋಡಿಸಿದ ಉದ್ದನೆಯ ಪೆಟ್ಟಿಗೆ), ಹಾರ್ನು ಗುಜರಿ ಸೇರುತ್ತವೆ. ಅವುಗಳಲ್ಲಿ ಕೆಟ್ಟವು ಕಡಿಮೆ. ಮನುಷ್ಯರ ದನಿಯನ್ನು ದೂರಕ್ಕೆ ಮುಟ್ಟಿಸಲೆಂದೇ ಮಾಡಿದ ಸ್ಪೀಕರ್‌ಗಳಿವು. ಆ ಗುಣವನ್ನು ಉಳಿಸಿಕೊಂಡು ಮನೆಗೆ ಒಗ್ಗಿಸಿದರೆ ಹಾಡಿಕೆ ಕೇಳಲು ಬಹಳ ಚೆನ್ನಾಗಿರುತ್ತವೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಕೇಳುತ್ತ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಕೊಟ್ಟಿದ್ದೇವೆ.

## ಮೊದಲು ಗುರುತು ಹಿಡಿಯುವುದು

ಗುಡಿಯಿಂದ ತೆಗೆದ ಎರಡು ಕಾಲಂ ಬಾಕ್ಸ್ ಅದಾವ್ರಿ. ಮನಿ ಸ್ಟೀರಿಯೋಕ್ಕ ಹಚ್ಚಿದ್ರ ದನಿ ಬಾಳ ಸಣ್ಣ ಬರ್ತೈತಿ. ಕೆಟ್ಟಾವೇನು?

ಕೆಟ್ಟಿಲ್ಲ. ಅವು 100 ವೋಲ್ಟ್ ಲೈನಿನ ಸ್ಪೀಕರ್‌ಗಳು. ಹೆಸ್ಕಾಂನವರು 11 ಸಾವಿರ ವೋಲ್ಟ್‌ನಲ್ಲಿ ಕರೆಂಟ್ ತಂದು ಓಣಿಯ ಟಿಸಿಯಲ್ಲಿ ಇಳಿಸುತ್ತಾರಲ್ಲ, ಇಲ್ಲಿಯೂ ಹಾಗೆಯೇ. ಪಿಎ ಆಂಪ್ಲಿಫೈಯರ್ (ಸಭೆಗೆ ದನಿ ಮುಟ್ಟಿಸುವ ಆಂಪ್ಲಿಫೈಯರ್) ದನಿಯ ಸಂಕೇತವನ್ನು 100 ವೋಲ್ಟ್‌ಗೆ ಏರಿಸಿ ಕಳಿಸುತ್ತದೆ, ಪ್ರತಿ ಬಾಕ್ಸ್‌ನ ಒಳಗಿರುವ ಪುಟ್ಟ ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸಿ ಸ್ಪೀಕರ್‌ಗೆ ಕೊಡುತ್ತದೆ. ವೋಲ್ಟೇಜ್ ಹೆಚ್ಚಿದ್ದಾಗ ಕರೆಂಟ್ ಕಡಿಮೆ ಹರಿಯುವುದರಿಂದ ಸಣ್ಣ ತಂತಿಯಲ್ಲೇ ದೂರದವರೆಗೆ ಎಳೆಯಬಹುದು, ಒಂದೇ ಲೈನಿಗೆ ಹತ್ತಾರು ಬಾಕ್ಸ್ ಹಚ್ಚಬಹುದು.

ಈಗ ಲೆಕ್ಕ ನೋಡಿ. ವೋಲ್ಟೇಜಿನ ವರ್ಗವನ್ನು ವ್ಯಾಟ್‌ನಿಂದ ಭಾಗಿಸಿದರೆ ಓಂ, ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ, ಸಿಗುತ್ತದೆ. 20 ವ್ಯಾಟ್ ಬಾಕ್ಸ್‌ಗೆ 100 ಗುಣಿಸು 100, ಭಾಗಿಸು 20, ಅಂದರೆ 500 ಓಂ. ಮನೆಯ ಸ್ಟೀರಿಯೋ ಬಯಸುವುದು 4 ಅಥವಾ 8 ಓಂ. 8 ಓಂಗೆ 30 ವ್ಯಾಟ್ ಕೊಡುವ ಆಂಪ್ಲಿಫೈಯರ್ ಪೂರ್ತಿ ತಿರುಗಿಸಿದರೂ ಸುಮಾರು 15.5 ವೋಲ್ಟ್ ಮಾತ್ರ ಕೊಡುತ್ತದೆ. ಅಷ್ಟಕ್ಕೆ 500 ಓಂ ಬಾಕ್ಸ್‌ಗೆ ಅರ್ಧ ವ್ಯಾಟ್ ಕೂಡ ಮುಟ್ಟುವುದಿಲ್ಲ. ಇದರಿಂದ ಆಂಪ್ಲಿಫೈಯರ್‌ಗೆ ಹಾನಿ ಇಲ್ಲ.

ಇದರ ಉಲ್ಟಾ ಅಪಾಯ. ಮನೆಯ 8 ಓಂ ಸ್ಪೀಕರ್ ಅನ್ನು ಪಿಎ ಆಂಪ್ಲಿಫೈಯರ್‌ನ 100 ವೋಲ್ಟ್ ತುದಿಗೆ ಹಚ್ಚಿದರೆ ಅದರೊಳಗಿನ ತಂತಿಯ ಸುರುಳಿ (ಕಾಯಿಲ್) ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಒಳಗ ಟ್ರಾನ್ಸ್‌ಫಾರ್ಮರ್ ಐತೋ ಇಲ್ಲೋ, ಬಿಚ್ಚದ ಹ್ಯಾಂಗ ತಿಳೀಬೇಕು?

ಮಲ್ಟಿಮೀಟರ್ ಅನ್ನು 200 ಓಂ ಸ್ಥಾನಕ್ಕಿಟ್ಟು ಎರಡು ತಂತಿಯ ನಡುವೆ ಅಳೆಯಿರಿ. 3ರಿಂದ 3.5 ಬಂದರೆ 4 ಓಂ ಸ್ಪೀಕರ್, 6ರಿಂದ 7 ಬಂದರೆ 8 ಓಂ, 12ರಿಂದ 14 ಬಂದರೆ 16 ಓಂ. ಮೀಟರ್ ಅಳೆಯುವುದು ಕಾಯಿಲ್ ತಂತಿಯ ರೋಧವನ್ನು ಮಾತ್ರ, ಆದ್ದರಿಂದ ಲೇಬಲ್ಲಿನಲ್ಲಿರುವುದಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಹತ್ತಾರು ಓಂ ಬಂದರೆ ಟ್ರಾನ್ಸ್‌ಫಾರ್ಮರ್ ಇದೆ. ಅಲ್ಲಿ 500 ತೋರಿಸುವುದಿಲ್ಲ ಎಂದು ಗಾಬರಿಯಾಗಬೇಡಿ. 500 ಓಂ ಎನ್ನುವುದು ದನಿಯ ಸಂಕೇತ ಹರಿಯುವಾಗಿನ ಲೆಕ್ಕ.

ಮೀಟರ್ ಏನನ್ನೂ ತೋರಿಸದಿದ್ದರೆ ತಂತಿ ತುಂಡಾಗಿದೆ, ಕಾಯಿಲ್ ಸುಟ್ಟಿದೆ, ಇಲ್ಲವೇ ಮಧ್ಯದಲ್ಲಿ ಕೆಪಾಸಿಟರ್ (ಮೀಟರಿನ ನೇರ ಕರೆಂಟನ್ನು ತಡೆದು ದನಿಯ ಸಂಕೇತವನ್ನು ಬಿಡುವ ಬಿಡಿಭಾಗ) ಇದೆ. 1.5 ವೋಲ್ಟ್ ಸೆಲ್ಲಿನ ಎರಡು ತುದಿ ಮುಟ್ಟಿಸಿ ಬಿಡಿ. ಟಕ್ ಎಂದರೆ ಒಳಗೆ ಜೀವ ಇದೆ. ಬಾಕ್ಸ್‌ನ ಹಿಂದೆ 10, 15, 20 ವ್ಯಾಟ್ ಎಂದು ಬೇರೆ ಬೇರೆ ತುದಿ ಇದ್ದರೆ ಅಥವಾ ತಿರುಗಿಸುವ ಸ್ವಿಚ್ ಇದ್ದರೆ ಅದು ಲೈನ್ ಸ್ಪೀಕರ್ ಎಂಬುದರಲ್ಲಿ ಅನುಮಾನ ಬೇಡ. ಕೆಲವು ಬಾಕ್ಸ್‌ಗಳಲ್ಲಿ ಆ ಸ್ವಿಚ್ಚಿನಲ್ಲೇ 8 ಓಂ ಸ್ಥಾನವೂ ಇರುತ್ತದೆ. ಅಂಥದ್ದು ಸಿಕ್ಕರೆ ಬಿಚ್ಚುವ ಕೆಲಸವೇ ಉಳಿಯಿತು.

ಹಾರ್ನ್, ಕಾಲಂ, ಸೀಲಿಂಗ್ ಸ್ಪೀಕರ್, ಮೂರರಾಗ ಮನಿಗೆ ಯಾವುದು ಛಲೋ?

ಕಾಲಂ. ಒಂದೇ ಅಳತೆಯ ಒಂದು ಜೋಡಿ ಸಿಗುವುದಾದರೆ ಬೇರೆ ಯೋಚನೆ ಬೇಡ. ಸೀಲಿಂಗ್ ಸ್ಪೀಕರ್ ಅಡುಗೆಮನೆಗೆ, ಪಡಸಾಲೆಗೆ ಸಾಕು. ಹಾರ್ನ್ ಸುಮಾರು 200-300 ಹರ್ಟ್ಸ್‌ನಿಂದ (ಹರ್ಟ್ಸ್ ಎಂದರೆ ಸೆಕೆಂಡಿಗೆ ಆಗುವ ಕಂಪನ, ಕಡಿಮೆಯಾದಷ್ಟೂ ಸ್ವರ ಕೆಳಗೆ) 6-7 ಸಾವಿರ ಹರ್ಟ್ಸ್‌ವರೆಗೆ ಮಾತ್ರ ನುಡಿಯುತ್ತದೆ, ಅದೊಂದರಲ್ಲೇ ಹಾಡು ಕೇಳಿದರೆ ಕಿವಿ ಬೇಗ ದಣಿಯುತ್ತದೆ.

ಮನ್ಯಾಗ ಹಚ್ಚಾಕೂ ಪರವಾನಗಿ ಬೇಕೇನ್ರಿ?

ಮನೆಯೊಳಗೆ ಕೇಳಲು ಬೇಡ. ಆದರೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಖಾಸಗಿ ಸೌಂಡ್ ಸಿಸ್ಟಮ್‌ಗೂ ಮಿತಿ ಹಾಕಿವೆ. ವಸತಿ ಪ್ರದೇಶದ ಮಟ್ಟ ಹಗಲು 55, ರಾತ್ರಿ 45 ಡೆಸಿಬಲ್. ನಿಮ್ಮ ಜಾಗದ ಗಡಿಯಲ್ಲಿ ಅದಕ್ಕಿಂತ 5 ಡೆಸಿಬಲ್‌ಗಿಂತ ಹೆಚ್ಚು ಇರಕೂಡದು. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಪಿಎ ಸ್ಪೀಕರ್‌ನ ದನಿ ಗೋಡೆ ದಾಟಿ ಹೋಗುವುದು ಸುಲಭ. ಕಿಟಕಿಗೆ ಮುಖ ಮಾಡಿ ಇಡಬೇಡಿ.

## ಬಿಚ್ಚುವುದು, ಜೋಡಿಸುವುದು

ಟ್ರಾನ್ಸ್‌ಫಾರ್ಮರ್ ತೆಗೆಯೋ ಕ್ರಮ ಒಂದೊಂದಾಗಿ ಹೇಳ್ರಿ.

1. ಬಾಕ್ಸ್ ಅನ್ನು ಲೈನಿನಿಂದ ಪೂರ್ತಿ ಬಿಡಿಸಿ. ಆಂಪ್ಲಿಫೈಯರ್ ಚಾಲೂ ಇದ್ದಾಗ 100 ವೋಲ್ಟ್ ತಂತಿ ಮುಟ್ಟಿದರೆ ಜೋರಾಗಿ ಹೊಡೆಯುತ್ತದೆ.
2. ಹಿಂದಿನ ತಗಡು ಅಥವಾ ಮುಂದಿನ ಜಾಲರಿಯ ಸ್ಕ್ರೂ ಬಿಚ್ಚಿ. ಮಳೆಗೆ ಸಿಕ್ಕ ಬಾಕ್ಸ್‌ನ ಸ್ಕ್ರೂ ತುಕ್ಕು ಹಿಡಿದು ಕೂತಿರುತ್ತವೆ. ಒಂದು ಹನಿ ಎಣ್ಣೆ ಬಿಟ್ಟು ಅರ್ಧ ತಾಸು ಕಾಯಿರಿ. ಜೋರು ಮಾಡಿದರೆ ಸ್ಕ್ರೂಡ್ರೈವರ್ ಜಾರಿ ಸ್ಪೀಕರಿನ ಕಾಗದದ ಕೋನ್ ಹರಿಯುತ್ತದೆ, ಈ ಕೆಲಸದಲ್ಲಿ ಹೆಚ್ಚು ಸ್ಪೀಕರ್ ಹಾಳಾಗುವುದು ಇಲ್ಲೇ.
3. ತಂತಿಗಳನ್ನು ಬಿಡಿಸುವ ಮೊದಲು ಫೋನಿನಲ್ಲಿ ಫೋಟೊ ತೆಗೆದಿಡಿ.
4. ಟ್ರಾನ್ಸ್‌ಫಾರ್ಮರ್‌ನಿಂದ ಸ್ಪೀಕರ್‌ಗೆ ಹೋದ ಎರಡು ತಂತಿ ಸೆಕೆಂಡರಿ. ಅವು ಸಾಮಾನ್ಯವಾಗಿ ದಪ್ಪ ಇರುತ್ತವೆ. ಸ್ಪೀಕರ್ ಕಡೆಯಿಂದ ಬೆಸುಗೆ ಬಿಡಿಸಿ.
5. ಸ್ಪೀಕರ್‌ಗಳ ಒಟ್ಟು ಓಂ ಈಗ ನೇರವಾಗಿ ಅಳೆಯಿರಿ. ಎರಡೂ ಬಾಕ್ಸ್ ಒಂದೇ ರೀತಿ ತೋರಿಸಬೇಕು.
6. ಹೊಸ ತಂತಿ ಬೆಸೆದು, ಪ್ಲಸ್ ಕಡೆಗೆ ಕೆಂಪು ಗುರುತು ಹಾಕಿ ಹೊರಗೆ ತನ್ನಿ.
7. ಟ್ರಾನ್ಸ್‌ಫಾರ್ಮರ್‌ನ ಬರಿದಾದ ತುದಿಗಳಿಗೆ ಟೇಪ್ ಸುತ್ತಿ. ಸಾಧ್ಯವಾದರೆ ಹೊರಗೇ ತೆಗೆದಿಡಿ, ಎಸೆಯಬೇಡಿ.

ಪ್ಲಸ್ ತಂತಿಯ ಸಾಲಿನಲ್ಲಿ 1 ಆಂಪಿಯರ್ ಫ್ಯೂಸ್ ಇಡುವುದು ಒಳ್ಳೆಯದು. 8 ಓಂ ಬಾಕ್ಸ್‌ನಲ್ಲಿ ಅದು ಸುಮಾರು 8 ವ್ಯಾಟ್ ಸತತವಾಗಿ ಬಿಡುತ್ತದೆ. ಮನೆಗೆ ಅದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಒಳಗ ನಾಕು ಸ್ಪೀಕರ್ ಅದಾವ. ಒಟ್ಟು ಎಷ್ಟು ಓಂ ಆತು?

ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದರೆ ಸರಣಿ, ಓಂ ಕೂಡುತ್ತದೆ. ತಲೆಗೆ ತಲೆ, ಬಾಲಕ್ಕೆ ಬಾಲ ಕಟ್ಟಿದರೆ ಸಮಾಂತರ, ಓಂ ಇಳಿಯುತ್ತದೆ. 8 ಓಂನ ನಾಲ್ಕು ಇದ್ದರೆ ಎರಡೆರಡನ್ನು ಸರಣಿ ಮಾಡಿ, ಆ ಎರಡು ಜೋಡಿಯನ್ನು ಸಮಾಂತರ ಕಟ್ಟಿ. 16 ಮತ್ತು 16 ಸಮಾಂತರವಾಗಿ ಮತ್ತೆ 8 ಆಗುತ್ತದೆ. 4 ಓಂನ ನಾಲ್ಕಾದರೆ ಇದೇ ಕಟ್ಟು 4 ಓಂ ಕೊಡುತ್ತದೆ. ನಾಲ್ಕೂ 8 ಓಂ ಸ್ಪೀಕರನ್ನು ಸಮಾಂತರ ಮಾಡಿದರೆ 2 ಓಂ ಆಗಿ ಮನೆಯ ಆಂಪ್ಲಿಫೈಯರ್ ಕಾದು ಬಂದ್ ಬೀಳುತ್ತದೆ. ಸುಟ್ಟ ಒಂದರ ಬದಲಿಗೆ ಬೇರೆ ಓಂನದನ್ನು ಸರಣಿಯಲ್ಲಿ ಹಾಕಬೇಡಿ. ಹೆಚ್ಚು ಓಂ ಇರುವುದಕ್ಕೆ ಹೆಚ್ಚು ಪವರ್ ಹೋಗಿ ದನಿ ಒಂದೇ ಕಡೆ ಎದ್ದು ಕಾಣುತ್ತದೆ.

ಪ್ಲಸ್-ಮೈನಸ್ ಅದಲು ಬದಲಾದ್ರ ಏನಾಕ್ಕೈತಿ? ಎರಡೂ ಕಡೆ ದನಿ ಬರ್ತೈತಲ್ಲ?

ದನಿ ಬರುತ್ತದೆ, ಆದರೆ ತಿರುಳು ಇರುವುದಿಲ್ಲ. ಒಂದು ಕೋನ್ ಗಾಳಿಯನ್ನು ದೂಡುವಾಗ ಇನ್ನೊಂದು ಎಳೆಯುತ್ತದೆ, ಕೆಳಸ್ವರಗಳು ಒಂದನ್ನೊಂದು ಅಳಿಸುತ್ತವೆ, ಗಾಯಕರ ದನಿ ನಡುವೆ ನಿಲ್ಲದೆ ಕೋಣೆ ತುಂಬ ಚದುರುತ್ತದೆ. 1.5 ವೋಲ್ಟ್ ಸೆಲ್ಲನ್ನು ಕ್ಷಣ ಮಾತ್ರ ಮುಟ್ಟಿಸಿ ನೋಡಿ. ಕೋನ್ ಮುಂದಕ್ಕೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ತುದಿಯೇ ಪ್ಲಸ್. ಒಂದು ಕಾಲಂನ ನಾಲ್ಕೂ ಕೋನ್ ಒಟ್ಟಿಗೆ ಮುಂದೆ ಬರಬೇಕು. ಹಾರ್ನ್‌ನಲ್ಲಿ ಡಯಾಫ್ರಾಮ್ (ಕೋನ್ ಬದಲು ಕಂಪಿಸುವ ತೆಳು ಪೊರೆ) ಕಾಣುವುದಿಲ್ಲವಾದ್ದರಿಂದ ಕಿವಿಯೇ ಗತಿ: ಮಾತಿನ ಕಾರ್ಯಕ್ರಮ ಹಚ್ಚಿ, ಒಂದರ ತಂತಿ ತಿರುಗಿಸಿ ಎರಡು ಸಲ ಕೇಳಿ, ದನಿ ನಡುವೆ ಗಟ್ಟಿಯಾಗಿ ನಿಂತ ಕಟ್ಟನ್ನು ಇಟ್ಟುಕೊಳ್ಳಿ.

ಬಾಕ್ಸ್ ಬಿಚ್ಚೋ ಮನಸಿಲ್ಲ. ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡೇ ನಡಸಬಹುದಾ?

ನಡೆಸಬಹುದು. ಮೂರ್ನಾಲ್ಕು ಕೋಣೆಗೆ ಒಂದೇ ಲೈನ್ ಎಳೆಯುವುದಿದ್ದರೆ ಅದೇ ಸರಿ. ಆಂಪ್ಲಿಫೈಯರ್‌ನ 8 ಓಂ ತುದಿಗೆ ಒಂದು ಲೈನ್ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ (ಬಾಕ್ಸಿನೊಳಗೆ ಇರುವಂಥದ್ದೇ) ಅನ್ನು ಉಲ್ಟಾ ಹಚ್ಚಬೇಕು. ಅದರ 8 ಓಂ ಕಡೆ ಆಂಪ್ಲಿಫೈಯರ್‌ಗೆ, 100 ವೋಲ್ಟ್ ಕಡೆ ಲೈನಿಗೆ. ಸ್ಟೀರಿಯೋ ಬೇಕಿದ್ದರೆ ಎರಡು ಚಾನೆಲ್‌ಗೆ ಎರಡು ಟ್ರಾನ್ಸ್‌ಫಾರ್ಮರ್. ಒಂದು ಚಾನೆಲ್‌ನ ಎಲ್ಲ ಬಾಕ್ಸ್‌ಗಳ ವ್ಯಾಟ್ ಕೂಡಿಸಿದ್ದು ಆ ಚಾನೆಲ್‌ನ ವ್ಯಾಟ್‌ನ 80 ಪ್ರತಿಶತ ಮೀರದಿರಲಿ. ಲೈನಿನ ಜೋಡಣೆಗಳನ್ನು ಮಕ್ಕಳ ಕೈಗೆ ಸಿಗದಂತೆ ಮುಚ್ಚಿಡಿ.

ತೊಂದರೆ ಬರುವುದು ಕೆಳಸ್ವರದಲ್ಲಿ. ಸ್ವರ ಕೆಳಗಿಳಿದಷ್ಟೂ ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದ ತಿರುಳು ಹೆಚ್ಚು ಕಾಂತತ್ವ ಹೊರಬೇಕು. ಮಾತಿಗೆಂದು ಮಾಡಿದ ಪುಟ್ಟ ತಿರುಳು 80-100 ಹರ್ಟ್ಸ್‌ಗೆ ತುಂಬಿಹೋಗಿ ಆಂಪ್ಲಿಫೈಯರ್‌ಗೆ ಹೆಚ್ಚುಕಡಿಮೆ ಶಾರ್ಟ್ ಆದಂತೆ ಕಾಣುತ್ತದೆ. ದನಿ ಒಡೆಯುತ್ತದೆ, ಹೀಟ್‌ಸಿಂಕ್ ಕಾಯುತ್ತದೆ. ಇದಕ್ಕೆ ಏರಿಸುವ ಟ್ರಾನ್ಸ್‌ಫಾರ್ಮರ್‌ನ 8 ಓಂ ಕಡೆಯ ಸರಣಿಯಲ್ಲಿ 220 ಮೈಕ್ರೊಫ್ಯಾರಡ್‌ನ, ಪ್ಲಸ್-ಮೈನಸ್ ಇಲ್ಲದ ಕೆಪಾಸಿಟರ್ ಹಾಕಿ. ಸುಮಾರು 90 ಹರ್ಟ್ಸ್‌ನಿಂದ ಕೆಳಗಿನದನ್ನು ಅದು ಇಳಿಸುತ್ತ ಹೋಗುತ್ತದೆ. ಬಾಸ್ ಗುಂಡಿಯನ್ನೂ ನಡುವೆಯೇ ಬಿಡಿ.

ಲೈನಿನ ಹಳೇ ಸಣ್ಣ ತಂತಿನೇ ಸಾಕಾಗ್ತದಲ್ಲ?

ಟ್ರಾನ್ಸ್‌ಫಾರ್ಮರ್ ತೆಗೆದ ಮೇಲೆ ಸಾಕಾಗುವುದಿಲ್ಲ. ಬಾಕ್ಸ್ 10 ಮೀಟರ್ ದೂರ ಇದ್ದರೆ ಹೋಗಿ ಬರುವ ತಾಮ್ರ 20 ಮೀಟರ್. ಅರ್ಧ ಚದರ ಮಿಲಿಮೀಟರ್ ತಂತಿಯಲ್ಲಿ ಅದು ಸುಮಾರು 0.7 ಓಂ, 1.5ರಲ್ಲಿ 0.23 ಓಂ. 8 ಓಂ ಬಾಕ್ಸ್‌ಗೆ ತಂತಿಯ ರೋಧ 0.4 ಓಂ ದಾಟದಿದ್ದರೆ ಒಳ್ಳೆಯದು. ಮನೆ ವೈರಿಂಗ್‌ಗೆ ಬಳಸುವ 1.5ರ ತಾಮ್ರದ ತಂತಿ ಸಾಕು. ದುಬಾರಿ ಕೇಬಲ್ ಬೇಡ.

## ಆಂಪ್ಲಿಫೈಯರ್ ಕಡೆ

40 ವ್ಯಾಟ್ ಬಾಕ್ಸ್‌ಗೆ ಲೋಕಲ್ 4440 ಆಂಪ್ಲಿಫೈಯರ್ ಸಾಲ್ತದೇನ್ರಿ?

ಸಾಲುತ್ತದೆ. ಅದರೊಳಗಿನ ಎಲ್‌ಎ4440 ಐಸಿ (ಚಿಪ್) ಸ್ಟೀರಿಯೋದಲ್ಲಿ 4 ಓಂಗೆ ಚಾನೆಲ್‌ಗೆ 6 ವ್ಯಾಟ್, ಬ್ರಿಡ್ಜ್ ಕಟ್ಟಿನಲ್ಲಿ (ಎರಡು ಔಟ್‌ಪುಟ್ ಸೇರಿ ಒಂದೇ ಸ್ಪೀಕರನ್ನು ಎರಡೂ ತುದಿಯಿಂದ ನಡೆಸುವ ಕಟ್ಟು) 19 ವ್ಯಾಟ್ ಕೊಡುತ್ತದೆ. 8 ಓಂ ಬಾಕ್ಸ್ ಹಚ್ಚಿದರೆ ಸುಮಾರು ಅದರ ಅರ್ಧ. ಬಾಕ್ಸ್ ಮೇಲಿನ 40 ವ್ಯಾಟ್ ಎಂದರೆ ತಡೆದುಕೊಳ್ಳುವ ಶಕ್ತಿ, ಅಷ್ಟು ಕೊಡಲೇಬೇಕು ಎಂದಲ್ಲ. ಪಿಎ ಸ್ಪೀಕರ್‌ಗಳು ಮನೆಯ ಸ್ಪೀಕರ್‌ಗಳಿಗಿಂತ ಕಡಿಮೆ ವ್ಯಾಟ್‌ಗೆ ಹೆಚ್ಚು ದನಿ ಕೊಡುತ್ತವೆ. ಹತ್ತು-ಹನ್ನೆರಡು ಅಡಿ ಕೋಣೆಯಲ್ಲಿ ಒಂದು ವ್ಯಾಟ್‌ಗೇ ಮಾತಾಡುವವರು ದನಿ ಏರಿಸಬೇಕಾಗುತ್ತದೆ. ಹಳೆಯ ಡೆಕ್‌ಗಳ ಮೇಲೆ ಬರೆದ ಸಾವಿರಾರು ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ) ವ್ಯಾಟ್ ನಂಬಬೇಡಿ, ಆರ್‌ಎಂಎಸ್ (ಸತತವಾಗಿ ಕೊಡುವ) ವ್ಯಾಟ್ ಮಾತ್ರ ನೋಡಿ.

ಎರಡೂ ಬಾಕ್ಸ್‌ನ ಮೈನಸ್ ಕೂಡಿಸಿ ಮೂರೇ ತಂತಿ ಎಳೀಬಹುದಾ?

ಬೇಡ. ಇಂದಿನ ಅಗ್ಗದ ಬೋರ್ಡ್‌ಗಳಲ್ಲಿ ಹೆಚ್ಚಿನವು, ಉದಾಹರಣೆಗೆ ಟಿಪಿಎ3116, ಬ್ರಿಡ್ಜ್ ಕಟ್ಟಿನವು. ಅವುಗಳ ಮೈನಸ್ ತುದಿಯಲ್ಲೂ ಸಂಕೇತ ಇರುತ್ತದೆ. ಎರಡು ಚಾನೆಲ್‌ನ ಮೈನಸ್ ಕೂಡಿಸಿದರೆ ಅಥವಾ ಒಂದನ್ನು ಬಾಕ್ಸ್‌ನ ತಗಡಿಗೆ ಮುಟ್ಟಿಸಿದರೆ ಐಸಿ ಹೋಗುತ್ತದೆ. ಪರೀಕ್ಷೆ ಸರಳ: ಹಾಡು ಹಚ್ಚದೆ ಆಂಪ್ಲಿಫೈಯರ್ ಚಾಲೂ ಮಾಡಿ, ಮೈನಸ್ ತುದಿಗೂ ಸಪ್ಲೈ ಮೈನಸ್‌ಗೂ ನಡುವೆ ಡಿಸಿ ಅಳೆಯಿರಿ. ಸಪ್ಲೈನ ಅರ್ಧದಷ್ಟು ಬಂದರೆ ಅದು ಬ್ರಿಡ್ಜ್. ಲೈನ್ ಟ್ರಾನ್ಸ್‌ಫಾರ್ಮರ್ ಉಲ್ಟಾ ಹಚ್ಚುವವರೂ ಇದನ್ನು ಮೊದಲು ನೋಡಿಕೊಳ್ಳಬೇಕು.

ಮಂಟಪದ ಪಿಎ ಆಂಪ್ಲಿಫೈಯರ್ ಐತಿ. ಫೋನ್ ಹಚ್ಚಿದ್ರ ದನಿ ಒಡೀತೈತಿ.

ಮೈಕ್ ಸಾಕೆಟ್‌ಗೆ ಹಾಕಿದ್ದೀರಿ. ಮೈಕ್ ಕೊಡುವುದು ಕೆಲವು ಮಿಲಿವೋಲ್ಟ್, ಫೋನ್ ಕೊಡುವುದು ಅದರ ನೂರಾರು ಪಟ್ಟು. ಹಿಂದಿರುವ ಆಕ್ಸ್ (AUX) ಎಂದು ಬರೆದ ಸಾಕೆಟ್‌ಗೆ ಕೊಡಿ. ಆಂಪ್ಲಿಫೈಯರ್ ಮೊನೊ (ಒಂದೇ ಚಾನೆಲ್‌ನದು) ಆಗಿದ್ದರೆ ಫೋನಿನ ಎಡ-ಬಲ ತಂತಿಗಳನ್ನು ನೇರ ಕೂಡಿಸಬೇಡಿ. ಒಂದೊಂದರಲ್ಲೂ 1 ಕಿಲೊ ಓಂ ರೆಸಿಸ್ಟರ್ ಇಟ್ಟು ಆಮೇಲೆ ಕೂಡಿಸಿ. ಇಲ್ಲದಿದ್ದರೆ ಎರಡು ಚಾನೆಲ್ ಒಂದನ್ನೊಂದು ದೂಡುತ್ತವೆ. ಹಿಂದಿನ 4, 8, 16 ಓಂ, 70, 100 ವೋಲ್ಟ್ ತುದಿಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬಳಸಿ.

## ದನಿ ತಿದ್ದುವುದು

ಭೀಮಸೇನ ಜೋಶಿಯವರ ಹಾಡಿಕಿ ಹಚ್ಚಿದ್ರ ದನಿ ಎದುರಿಗೆ ಕೂತಂಗ ಬರ್ತದ. ಡಗ್ಗಾ ಮಾತ್ರ ಕೇಳೂದಿಲ್ಲ.

ಕಾಲಂ ಬಾಕ್ಸ್‌ನ ಗುಣ ಮತ್ತು ಮಿತಿ ಎರಡೂ ಈ ಒಂದೇ ಮಾತಿನಲ್ಲಿವೆ. ಹಗುರ, ಗಡುಸು ಕಾಗದದ ಕೋನ್ ದನಿಯ ಮೀಂಡು, ತಾನುಗಳಿಗೆ ಕೂಡಲೇ ಓಗೊಡುತ್ತದೆ. ಆದರೆ ಸುಮಾರು 120-150 ಹರ್ಟ್ಸ್‌ನಿಂದ ಕೆಳಗೆ ಅದಕ್ಕೆ ಬಲವಿಲ್ಲ.

ಪೇಟಿಯ (ಹಾರ್ಮೋನಿಯಂನ) ಕಾಳಿ ಒಂದರಲ್ಲಿ, ಅಂದರೆ ಮೊದಲ ಕರಿ ಮನೆಯನ್ನು ಷಡ್ಜ ಮಾಡಿಕೊಂಡು, ಹಾಡುವ ಗಾಯಕರ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್, ತಂಬೂರಿಯ ಖರ್ಜ (ಅತಿ ಕೆಳಗಿನ ಸ್ವರದ ತಂತಿ) ಅದರ ಅರ್ಧ, 69. ಖರ್ಜ ಕಾಲಂನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಆದರೂ ತಂಬೂರಿ ತುಂಬಿದಂತೆ ಕೇಳುತ್ತದೆ. ಜವಾರಿಯಿಂದ (ತಂತಿ ಕುದುರೆಗೆ ತಾಗಿ ಝೇಂಕರಿಸುವುದರಿಂದ) ಏಳುವ ಮೇಲಿನ ಸ್ವರಗಳನ್ನು ಹಿಡಿದು ಕಿವಿ ತಳದ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯದ) ಗುಂಗು 100 ಹರ್ಟ್ಸ್ ಆಸುಪಾಸು, ಅದಕ್ಕೂ ಕೆಳಗೆ. ಅದಕ್ಕೆ ಅಂಥ ಬಲವಾದ ಮೇಲಿನ ಸ್ವರಗಳ ಆಸರೆ ಇಲ್ಲ, ಹಾಗಾಗಿ ಕಳೆದುಹೋಗುತ್ತದೆ.

ಬಾಸ್ ಗುಂಡಿ ತಿರುಗಿಸಿ ಅದನ್ನು ತರಲು ಹೋಗಬೇಡಿ. 10 ಡೆಸಿಬಲ್ ಏರಿಸಿದರೆ ಹತ್ತು ಪಟ್ಟು ಪವರ್ ಬೇಕು. ಅದೇ ಜೋರಿನಲ್ಲಿ ಒಂದು ಸಪ್ತಕ ಕೆಳಗೆ ನುಡಿಸಲು ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. ಈ ಕೋನ್‌ಗಳಿಗೆ ಅಷ್ಟು ಜಾಗವಿಲ್ಲ, ಕಾಯಿಲ್ ಹಿಂದಿನ ತಟ್ಟೆಗೆ ಬಡಿಯುತ್ತದೆ.

ಸರಿಯಾದ ದಾರಿ ಒಂದು 8 ಅಥವಾ 10 ಇಂಚಿನ, ಸ್ವಂತ ಆಂಪ್ಲಿಫೈಯರ್ ಇರುವ ವೂಫರ್ (ಕೆಳಸ್ವರದ ಸ್ಪೀಕರ್) ಬಾಕ್ಸ್. ಅದರ ಗುಂಡಿಯನ್ನು 120 ಹರ್ಟ್ಸ್‌ಗೆ ಇಡಿ. ಪ್ರತಿ ಕಾಲಂನ ಪ್ಲಸ್ ತಂತಿಯ ಸರಣಿಯಲ್ಲಿ ಕೆಪಾಸಿಟರ್ ಇಡಿ: 330 ಮೈಕ್ರೊಫ್ಯಾರಡ್, 63 ವೋಲ್ಟ್‌ನ ಎರಡು ಸಾಮಾನ್ಯ ಕೆಪಾಸಿಟರ್‌ಗಳ ಮೈನಸ್‌ಗೆ ಮೈನಸ್ ಬೆಸೆದರೆ 165 ಆಗುತ್ತದೆ, 8 ಓಂಗೆ ಅದು 120 ಹರ್ಟ್ಸ್‌ನಲ್ಲಿ ಕತ್ತರಿಸುತ್ತದೆ. ವೂಫರ್ ದನಿಯನ್ನು ತೀರ ಕಡಿಮೆಯಿಂದ ಏರಿಸುತ್ತ ಬನ್ನಿ. ಡಗ್ಗಾ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವಷ್ಟು ಏರಿದರೆ ಅದು ಹೆಚ್ಚಾಯಿತು.

ಮ್ಯಾಲಿನ ಸಣ್ಣ ಸಪ್ಪಳ, ಗೆಜ್ಜಿ, ತಾಳ ಮಬ್ಬಾಗಿ ಬರ್ತಾವ. ಟ್ವೀಟರ್ ಹಾಕಲೇನು?

8 ಓಂ ಟ್ವೀಟರ್ (ಮೇಲಿನ ಸ್ವರದ ಸಣ್ಣ ಸ್ಪೀಕರ್) ಒಂದನ್ನು 3.3 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ಕಾಲಂಗೆ ಸಮಾಂತರ ಹಚ್ಚಿ, 6 ಸಾವಿರ ಹರ್ಟ್ಸ್‌ನಿಂದ ಮೇಲೆ ಅದು ನುಡಿಯುತ್ತದೆ. ಕೇಳುವುದೆಲ್ಲ ಧಾರವಾಡ ಆಕಾಶವಾಣಿಯ 765 ಕಿಲೊಹರ್ಟ್ಸ್ ಎಂದಾದರೆ ಈ ಖರ್ಚು ಬೇಡ. ಮೀಡಿಯಂ ವೇವ್‌ನಲ್ಲಿ 5 ಸಾವಿರ ಹರ್ಟ್ಸ್ ದಾಟಿದ್ದು ಹೆಚ್ಚೇನೂ ಬರುವುದಿಲ್ಲ.

ಕಾಲಂ ಅಡ್ಡ ಮಲಗಿಸಿ ಟಿವಿ ಕೆಳಗ ಇಟ್ಟೀನಿ. ಸರಿ ಅಲ್ಲೇನು?

ನಿಲ್ಲಿಸಿ ಇಡಿ. ಉದ್ದಕ್ಕೆ ನಿಂತಾಗ ಕಾಲಂ ದನಿಯನ್ನು ಎಡಬಲಕ್ಕೆ ಅಗಲವಾಗಿ, ಮೇಲೆ-ಕೆಳಗೆ ಕಿರಿದಾಗಿ ಹರಡುತ್ತದೆ. ಮಲಗಿಸಿದರೆ ಅದೇ ಗುಣ ಅಡ್ಡವಾಗಿ, ತಲೆ ಒಂದು ಗೇಣು ಸರಿದರೂ ದನಿ ಬದಲಾಗುತ್ತದೆ. ಚಾಪೆಯ ಮೇಲೆ ಕೂತು ಕೇಳುವವರು ಬಾಕ್ಸಿನ ಮಧ್ಯಭಾಗ ಕಿವಿಯ ಎತ್ತರಕ್ಕೆ ಬರುವಂತೆ ನೋಡಿಕೊಳ್ಳಿ. ಎರಡರ ನಡುವೆ 6-8 ಅಡಿ ಇರಲಿ. ಎದುರಿನ ಗೋಡೆ ಬರಿದಾಗಿದ್ದರೆ ಒಂದು ದಪ್ಪ ಕೌದಿ ತೂಗುಹಾಕಿ, ಮಾರ್ದನಿ ಕಡಿಮೆಯಾಗುವುದು ಕೂಡಲೇ ಗೊತ್ತಾಗುತ್ತದೆ.

ತಗಡಿನ ಡಬ್ಬಿಯೊಳಗಿಂದ ಮಾತಾಡಿದಂಗ ಆಗ್ತದ. ಏನು ಮಾಡ್ಲಿ?

ಬೆರಳಿನಿಂದ ಬಾಕ್ಸ್ ತಟ್ಟಿ ನೋಡಿ. ಠಣ್ ಎಂದರೆ ಆ ತಗಡೂ ನಿಮ್ಮ ಹಾಡಿನ ಜೊತೆ ಹಾಡುತ್ತಿದೆ. ಒಳಗಿನ ಗೋಡೆಗೆ ಮೋಟಾರು ಗಾಡಿಯ ಬಾಗಿಲಿಗೆ ಅಂಟಿಸುವ ಡಾಂಬರಿನ ಹಾಳೆ ಅಂಟಿಸಿ, ಮೂರನೇ ಎರಡು ಭಾಗ ಮುಚ್ಚಿದರೂ ಸಾಕು. ಆಮೇಲೆ ಗಾದಿಗೆ ತುಂಬುವ ಹಿಂಜಿದ ಹತ್ತಿಯನ್ನು ಸಡಿಲವಾಗಿ ತುಂಬಿ. ಗದಗ, ಹಾವೇರಿ ಕಡೆ ಇದಕ್ಕಿಂತ ಸುಲಭವಾಗಿ ಸಿಗುವ ವಸ್ತು ಇಲ್ಲ. ಹತ್ತಿ ಕೋನ್‌ಗೆ ತಾಗದಂತೆ ನಡುವೆ ತೆಳು ಬಟ್ಟೆ ಕಟ್ಟಿ, ಒತ್ತಿ ತುಂಬಬೇಡಿ. ಜಾಲರಿಯ ಸಡಿಲ ಸ್ಕ್ರೂ ಬಿಗಿ ಮಾಡಿ. ಇಷ್ಟಕ್ಕೂ ಹೋಗದಿದ್ದರೆ ಸ್ಪೀಕರ್‌ಗಳನ್ನು ತೆಗೆದು 18 ಮಿಲಿಮೀಟರ್ ಪ್ಲೈವುಡ್‌ನ ಬಾಕ್ಸ್‌ಗೆ ಹಾಕಿಸಿ.

ಹಾರ್ನ್ ಹಚ್ಚೇ ಹಚ್ಚತೇನಿ. ಸುಡಬಾರದು, ಕಿವಿ ಒಡೀಬಾರದು.

ವೂಫರ್ ಇರುವ ಬಾಕ್ಸ್ ಜೊತೆ ಮೇಲಿನ ಭಾಗಕ್ಕೆ ಮಾತ್ರ ಬಳಸಿ. ಮೊದಲ ಕೆಲಸ ಕೆಳಸ್ವರ ತಡೆಯುವುದು. ಹಾರ್ನ್‌ನ ಯೂನಿಟ್ (ಹಿಂದೆ ಕೂರುವ, ದನಿ ಹುಟ್ಟಿಸುವ ಭಾಗ) ಸಾಮಾನ್ಯವಾಗಿ 16 ಓಂ. 33 ಮೈಕ್ರೊಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿಟ್ಟರೆ 300 ಹರ್ಟ್ಸ್‌ನಿಂದ ಕೆಳಗೆ ಇಳಿಯುತ್ತ ಹೋಗುತ್ತದೆ. ಇದಿಲ್ಲದೆ ಬಾಸ್ ಇರುವ ಹಾಡು ಹಚ್ಚಿದರೆ ಡಯಾಫ್ರಾಮ್ ಹರಿಯುತ್ತದೆ.

ಎರಡನೆಯದು ಜೋರು ಇಳಿಸುವುದು. ಹಾರ್ನ್ ಒಂದು ವ್ಯಾಟ್‌ಗೆ ಒಂದು ಮೀಟರಿನಲ್ಲಿ 106 ಡೆಸಿಬಲ್, ನಿಮ್ಮ ವೂಫರ್ 90 ಎಂದಿಟ್ಟುಕೊಂಡರೆ ಅಂತರ 16 ಡೆಸಿಬಲ್, ಅಂದರೆ 40 ಪಟ್ಟು ಪವರ್. ಕೆಪಾಸಿಟರ್ ಆದ ಮೇಲೆ 13.5 ಓಂ ಸರಣಿಯಲ್ಲಿ (12 ಮತ್ತು 1.5 ಕೂಡಿಸಿ), ಯೂನಿಟ್‌ಗೆ ಅಡ್ಡವಾಗಿ 3.3 ಓಂ. ಎರಡೂ 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಇರಲಿ. ಆಂಪ್ಲಿಫೈಯರ್‌ಗೆ ಒಟ್ಟು ಮತ್ತೆ 16 ಓಂ ಎಂದೇ ಕಾಣುತ್ತದೆ, ಹಾಗಾಗಿ ಕೆಪಾಸಿಟರ್‌ನ ಲೆಕ್ಕವೂ ಕೆಡುವುದಿಲ್ಲ. ಈ ರೆಸಿಸ್ಟರ್‌ಗಳು ಕಾಯುತ್ತವೆ, ಹತ್ತಿ ತುಂಬಿದ ಬಾಕ್ಸ್‌ನೊಳಗೆ ಇಡಬೇಡಿ.

ಒಂದು ಬಾಕ್ಸ್ ಗರಗರ ಅಂತದ, ಒಂದು ಹಾರ್ನ್ ಮೂಗಿನ್ಯಾಗ ಮಾತಾಡಿದಂಗ ಅಂತದ.

ಗರಗರ ಸಾಮಾನ್ಯವಾಗಿ ಕಾಯಿಲ್ ಉಜ್ಜುವುದರಿಂದ. ಕೋನ್ ಅನ್ನು ಎರಡು ಹೆಬ್ಬೆರಳಿನಿಂದ ಎದುರುಬದುರು ಸಮವಾಗಿ ಒತ್ತಿ. ಕೆರೆದ ಸದ್ದು ಬಂದರೆ ಮ್ಯಾಗ್ನೆಟ್ಟಿನ ಸಂದಿಯಲ್ಲಿ ತುಕ್ಕು ಅಥವಾ ಮಣ್ಣಿದೆ, ಇಲ್ಲವೇ ಕಾಯಿಲ್ ಕಾದು ಸೊಟ್ಟಾಗಿದೆ. ಸಣ್ಣ ಸ್ಪೀಕರ್‌ಗೆ ಕೋನ್ ಬದಲಿಸುವ ಖರ್ಚಿಗಿಂತ ಅದೇ ಓಂ, ಅದೇ ಅಳತೆಯ ಹೊಸದು ಹಾಕುವುದು ಲಾಭ. ಉಜ್ಜದಿದ್ದರೆ ಕೋನ್‌ನ ಅಂಚು, ನಡುವಿನ ಟೊಪ್ಪಿಗೆ ಬಿಟ್ಟಿದೆಯೇ ನೋಡಿ, ತೆಳುವಾಗಿ ಫೆವಿಕಾಲ್ ಹಚ್ಚಿ ಒಂದು ದಿನ ಒಣಗಿಸಿ.

ಹಾರ್ನ್‌ನ ಮೂಗುದನಿಗೆ ಮೊದಲು ಗಂಟಲು ನೋಡಿ. ಗುಡಿಯ ಮೇಲೆ ವರ್ಷಗಟ್ಟಲೆ ಇದ್ದ ಹಾರ್ನ್‌ನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಯೂನಿಟ್ ತಿರುಗಿಸಿ ಬಿಚ್ಚಿ, ಹಾರ್ನನ್ನು ಮಾತ್ರ ನೀರಿನಲ್ಲಿ ತೊಳೆದು ಒಣಗಿಸಿ. ಗಂಟಲು ಸ್ವಚ್ಛ ಇದ್ದೂ ದನಿ ಹಾಗೇ ಇದ್ದರೆ ಡಯಾಫ್ರಾಮ್ ಬಿರುಕು ಬಿಟ್ಟಿದೆ. ಯೂನಿಟ್‌ನ ಮಾಡೆಲ್ ಸಂಖ್ಯೆ ಬರೆದುಕೊಂಡು ಅಂಗಡಿಗೆ ಹೋಗಿ, ಅದೇ ಮಾಡೆಲಿನದೇ ತನ್ನಿ. ಹಾಕುವ ಮೊದಲು ಸಂದಿಯೊಳಗೆ ಸೆಲೋಟೇಪಿನ ಅಂಟು ಮುಖ ಹೊರಗೆ ಬರುವಂತೆ ಮಡಿಚಿದ ಪಟ್ಟಿಯನ್ನು ಒಂದು ಸುತ್ತು ಎಳೆಯಿರಿ, ಮ್ಯಾಗ್ನೆಟ್ ಹಿಡಿದಿಟ್ಟ ಕಬ್ಬಿಣದ ಪುಡಿಯೆಲ್ಲ ಅದಕ್ಕೆ ಅಂಟಿ ಬರುತ್ತದೆ.